ಮಾನವಶಾಸ್ತ್ರಜ್ಞ ಎಂದರೆ ಯಾರು?

ಜನ ಹೇಗೆ ಬದುಕುತ್ತಾರೆ, ಯಾರನ್ನು ನೆಂಟರೆನ್ನುತ್ತಾರೆ, ಏನು ಉಣ್ಣುತ್ತಾರೆ, ಯಾವುದಕ್ಕೆ ಕೈಮುಗಿಯುತ್ತಾರೆ, ಸತ್ತವರನ್ನು ಹೇಗೆ ಕಳಿಸಿಕೊಡುತ್ತಾರೆ ಎಂಬುದನ್ನು ಕ್ರಮವಾಗಿ ಅಧ್ಯಯನ ಮಾಡುವವರಿಗೆ ಕನ್ನಡದಲ್ಲಿ ಮಾನವಶಾಸ್ತ್ರಜ್ಞ ಎಂಬ ಹೆಸರಿದೆ. ಮಾನವ, ಶಾಸ್ತ್ರ, ಜ್ಞ ಎಂಬ ಮೂರು ಸಂಸ್ಕೃತ ಭಾಗಗಳು ಕೂಡಿ ಆದ ಪದ ಇದು. ಮಾನವ ಎಂದರೆ ಮನುವಿನ ಸಂತತಿಯವನು. ಶಾಸ್ತ್ರದ ಬೇರು ‘ಶಾಸ್’ ಧಾತುವಿನಲ್ಲಿದೆ. ಆಜ್ಞಾಪಿಸು, ಕಲಿಸು ಎಂಬುದು ಅದರ ಅರ್ಥ. ಜ್ಞ ಎಂದರೆ ಬಲ್ಲವನು. ಅರ್ಥಶಾಸ್ತ್ರಜ್ಞ, ಭಾಷಾಶಾಸ್ತ್ರಜ್ಞ, ಖಗೋಳಶಾಸ್ತ್ರಜ್ಞ ಎಂಬ ಪದಗಳೆಲ್ಲ ಇದೇ ಅಚ್ಚಿನಲ್ಲಿ ಎರಕಗೊಂಡವು.

ಆದರೆ ಕನ್ನಡದ ಬಾಯಿಮಾತಿನಲ್ಲಿ ಶಾಸ್ತ್ರ ಎಂಬುದಕ್ಕೆ ಬೇರೆಯೇ ಒಂದು ಬಾಳುವೆ ಇದೆ. ಮದುವೆಮನೆಯಲ್ಲಿ ಅರಿಶಿನದ ಶಾಸ್ತ್ರ, ಬಳೆ ಶಾಸ್ತ್ರ ನಡೆಯುತ್ತವೆ. ಮನಸ್ಸಿಲ್ಲದಿದ್ದರೂ ಮಾಡಬೇಕಾದದ್ದನ್ನು ‘ಶಾಸ್ತ್ರಕ್ಕೆ’ ಮಾಡಿ ಮುಗಿಸುತ್ತಾರೆ. ಅಂಗೈ ನೋಡಿ ಭವಿಷ್ಯ ನುಡಿಯುವವರು ‘ಶಾಸ್ತ್ರ ಹೇಳುತ್ತಾರೆ’. ಗ್ರಂಥದಲ್ಲಿರುವ ಜ್ಞಾನವೂ ಅಂಗಳದಲ್ಲಿ ನಡೆಯುವ ಆಚರಣೆಯೂ ಒಂದೇ ಪದದೊಳಗೆ ಕೂತಿವೆ. ಈ ವೃತ್ತಿಯ ಮಟ್ಟಿಗೆ ಇದು ಒಳ್ಳೆಯ ಹೊಂದಾಣಿಕೆ: ಗ್ರಂಥದ ಶಾಸ್ತ್ರಕ್ಕಿಂತ ಅಂಗಳದ ಶಾಸ್ತ್ರವನ್ನೇ ಮಾನವಶಾಸ್ತ್ರಜ್ಞ ಹುಡುಕಿಕೊಂಡು ಹೋಗುವುದು. ಬಳೆ ತೊಡಿಸುವವರು ಯಾರು, ಮೊದಲ ಬಳೆ ಯಾರ ಕೈಗೆ, ಆ ಹೊತ್ತಿನಲ್ಲಿ ಯಾರು ಒಳಗೆ ಬರಬಾರದು, ಯಾಕೆ ಬರಬಾರದು ಎಂಬಂಥ ಪ್ರಶ್ನೆಗಳೇ ಅವರ ಬಂಡವಾಳ.

ನೆರೆಯ ಭಾಷೆಗಳು ಇದೇ ವೃತ್ತಿಗೆ ಬೇರೆ ಬೇರೆ ಹೆಸರು ಕಟ್ಟಿಕೊಂಡಿವೆ. ತಮಿಳಿನಲ್ಲಿ ಮಾನಿಡವಿಯಲಾಳರ್, ತೆಲುಗಿನಲ್ಲಿ ಮಾನವ ಶಾಸ್ತ್ರವೇತ್ತ, ಬಂಗಾಳಿಯಲ್ಲಿ ನೃವಿಜ್ಞಾನಿ, ಹಿಂದಿಯಲ್ಲಿ ಮಾನವವಿಜ್ಞಾನಿ. ಮಲಯಾಳದ ನರವಂಶಶಾಸ್ತ್ರಜ್ಞನ್ ಎಂಬ ಪದದಲ್ಲೂ ಮರಾಠಿಯ ಮಾನವವಂಶಶಾಸ್ತ್ರಜ್ಞ ಎಂಬುದರಲ್ಲೂ ‘ವಂಶ’ ಸೇರಿಕೊಂಡಿದೆ. ಈ ವಿದ್ಯೆ ಭಾರತಕ್ಕೆ ಬಂದ ಕಾಲದಲ್ಲಿ ವಂಶ, ಜನಾಂಗಗಳ ಚಿಂತೆಯೇ ಅದರ ತಲೆ ತುಂಬಿತ್ತು ಎನ್ನುವುದಕ್ಕೆ ಆ ಪದಗಳು ಸಾಕ್ಷಿಯಾಗಿ ಉಳಿದಿವೆ. ಕನ್ನಡದ ಪದ ಆ ಭಾರವನ್ನು ಹೊತ್ತಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಇಂಗ್ಲಿಷಿನ ಆಂಥ್ರಪಾಲಜಿಸ್ಟ್ ಎಂಬ ಪದ ಗ್ರೀಕ್ ಮೂಲದ್ದು. ಅಂಥ್ರೊಪೋಸ್ ಎಂದರೆ ಮನುಷ್ಯ, ಲೋಗೋಸ್ ಎಂದರೆ ಮಾತು, ವಿಚಾರ. ಅರಿಸ್ಟಾಟಲನ ನೀತಿಶಾಸ್ತ್ರದ ಗ್ರಂಥದಲ್ಲಿ ‘ಅಂಥ್ರೊಪೊಲೊಗೋಸ್’ ಎಂಬ ಪದ ಒಂದು ಕಡೆ ಬರುತ್ತದೆ. ಅಲ್ಲಿ ಅದರ ಅರ್ಥ ವಿದ್ವಾಂಸ ಎಂದಲ್ಲ. ಜನರ ಬಗ್ಗೆ ಮಾತಾಡಿಕೊಂಡು ತಿರುಗುವವನು, ಹರಟೆಮಲ್ಲ ಎಂದು. ಉದಾತ್ತ ಮನಸ್ಸಿನ ವ್ಯಕ್ತಿ ತನ್ನ ಬಗ್ಗೆಯೂ ಹೇಳಿಕೊಳ್ಳುವುದಿಲ್ಲ, ಇತರರ ಬಗ್ಗೆಯೂ ಆಡಿಕೊಳ್ಳುವುದಿಲ್ಲ ಎಂದು ವಿವರಿಸುವ ಸಂದರ್ಭ ಅದು. ಮುಂದೆ 1501ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮಾಗ್ನುಸ್ ಹುಂಡ್ಟ್ ಮನುಷ್ಯದೇಹವನ್ನು ಕುರಿತ ತನ್ನ ಲ್ಯಾಟಿನ್ ಪುಸ್ತಕದ ಹೆಸರಿನಲ್ಲಿ ಈ ಪದವನ್ನು ಬಳಸಿದ. 1798ರಲ್ಲಿ ತತ್ತ್ವಜ್ಞಾನಿ ಕಾಂಟ್ ಇದೇ ಹೆಸರಿನ ಪುಸ್ತಕ ಪ್ರಕಟಿಸಿದ. ಅಲ್ಲಿಯವರೆಗೂ ಅದು ಕೂತಲ್ಲೇ ಮಾಡುವ ಚಿಂತನೆಯಾಗಿತ್ತು. ಒಬ್ಬ ವ್ಯಕ್ತಿ ಆ ಹೆಸರಿನಲ್ಲಿ ಸಂಬಳ ಪಡೆದು ಜೀವನ ನಡೆಸುವ ಕಾಲ ಬಂದದ್ದು 19ನೇ ಶತಮಾನದ ಕೊನೆಗೆ. 1871ರಲ್ಲಿ ಆದಿಮ ಸಂಸ್ಕೃತಿಯನ್ನು ಕುರಿತು ದೊಡ್ಡ ಗ್ರಂಥ ಬರೆದ ಎಡ್ವರ್ಡ್ ಟೈಲರ್ 1896ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದ. ಅಮೆರಿಕದಲ್ಲಿ ಫ್ರಾಂಜ್ ಬೋವಾಸ್ 1899ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿ ಒಂದು ತಲೆಮಾರಿನ ಶಿಷ್ಯರನ್ನೇ ಬೆಳೆಸಿದ.

ಬೋವಾಸನ ಪರಂಪರೆಯಲ್ಲಿ ಮಾನವಶಾಸ್ತ್ರಕ್ಕೆ ನಾಲ್ಕು ಕವಲು. ಮನುಷ್ಯದೇಹ, ಅದರ ವಿಕಾಸ ಮತ್ತು ವೈವಿಧ್ಯವನ್ನು ನೋಡುವುದು ದೈಹಿಕ ಮಾನವಶಾಸ್ತ್ರ; ಸಿಕ್ಕ ಮೂಳೆ ಹೆಣ್ಣಿನದೋ ಗಂಡಿನದೋ, ಸತ್ತಾಗ ವಯಸ್ಸೆಷ್ಟು ಎಂದು ನ್ಯಾಯಾಲಯಕ್ಕೆ ಹೇಳುವವರು ಈ ಕವಲಿನವರು. ಉಳಿದ ಮೂರು ಪುರಾತತ್ತ್ವ, ಭಾಷೆ ಮತ್ತು ಸಂಸ್ಕೃತಿಗೆ ಸೇರಿದವು. ಬ್ರಿಟನ್ನಿನಲ್ಲಿ ಸಾಮಾಜಿಕ ಮಾನವಶಾಸ್ತ್ರವೇ ಮುಂದಾಯಿತು. ಭಾರತದಲ್ಲಿ ಪುರಾತತ್ತ್ವವೂ ಭಾಷಾಶಾಸ್ತ್ರವೂ ಮೊದಲಿನಿಂದ ಬೇರೆ ಒಲೆ ಹೂಡಿದವು. ಹಾಗಾಗಿ ಇಲ್ಲಿ ಮಾನವಶಾಸ್ತ್ರಜ್ಞ ಎಂದರೆ ಸಾಮಾನ್ಯವಾಗಿ ಒಂದೋ ದೇಹ, ರಕ್ತ, ಆನುವಂಶಿಕತೆಯ ಪರೀಕ್ಷೆ ನಡೆಸುವವರು, ಇಲ್ಲವೇ ಸಮುದಾಯಗಳ ಬದುಕನ್ನು ಅಭ್ಯಾಸ ಮಾಡುವವರು.

ಅಳತೆಪಟ್ಟಿಯ ಕಾಲ

ಈ ವೃತ್ತಿ ಹುಟ್ಟುವ ಮೊದಲೇ ಈ ಕೆಲಸವನ್ನು ಹೋಲುವ ಕೆಲಸ ಮೈಸೂರು ಸೀಮೆಯಲ್ಲಿ ನಡೆದಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಕಂಪನಿ ಸರ್ಕಾರದ ಪರವಾಗಿ ಹಳ್ಳಿಹಳ್ಳಿ ತಿರುಗಿ ಬೆಳೆ, ಕಸುಬು, ಜಾತಿಗಳ ವಿವರ ಬರೆದುಕೊಂಡ. ಶ್ರೀರಂಗಪಟ್ಟಣದ ಗಂಜಾಂ ಸುತ್ತಮುತ್ತ ನೆಲೆಸಿದ್ದ, ಜನರು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದ ಫ್ರೆಂಚ್ ಪಾದ್ರಿ ಅಬೆ ದುಬ್ವಾ ಹಿಂದೂ ಆಚಾರ ವಿಚಾರಗಳನ್ನು ಕುರಿತ ಹಸ್ತಪ್ರತಿಯನ್ನು ಕಂಪನಿಗೆ ಕೊಟ್ಟ. ಅದರಲ್ಲಿ ಬಹುಪಾಲು ಮತ್ತೊಬ್ಬ ಪಾದ್ರಿ ಹಿಂದೆಯೇ ಬರೆದಿಟ್ಟಿದ್ದ ಬರಹದಿಂದ ಬಂದದ್ದು ಎಂದು ಆಮೇಲಿನ ಸಂಶೋಧಕರು ತೋರಿಸಿದ್ದಾರೆ. ಬುಕನನ್, ದುಬ್ವಾ ಇಬ್ಬರನ್ನೂ ಮಾನವಶಾಸ್ತ್ರಜ್ಞರೆನ್ನುವುದು ಸರಿಯಾಗದು. ಒಬ್ಬನಿಗೆ ಆದಾಯದ ಲೆಕ್ಕ ಬೇಕಿತ್ತು, ಇನ್ನೊಬ್ಬನಿಗೆ ಮತಪ್ರಚಾರ ಬೇಕಿತ್ತು. ಜನರ ನಡೆನುಡಿಯನ್ನು ಅದರ ಸಲುವಾಗಿಯೇ ಅರಿಯಬೇಕೆಂಬ ಹಂಬಲ ಇಬ್ಬರಲ್ಲೂ ಮುಖ್ಯವಾಗಿರಲಿಲ್ಲ.

ಆಮೇಲೆ ಬಂದವರು ಅಳತೆಪಟ್ಟಿ ಹಿಡಿದು ಬಂದರು. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿದ. ನಾಸಿಕ ಸೂಚ್ಯಂಕ ಎನ್ನುವ ಆ ಅಂಕಿಯನ್ನು ಹಿಡಿದು, ಜಾತಿಯ ಮೇಲುಕೀಳಿಗೂ ಮೂಗಿನ ಅಳತೆಗೂ ನಂಟಿದೆ ಎಂದು ವಾದಿಸಿದ. ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಸಿಕ್ಕಸಿಕ್ಕವರ ತಲೆ, ಮೂಗುಗಳನ್ನು ಅಳೆದ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ಅವನ ಏಳು ಸಂಪುಟಗಳು 1909ರಲ್ಲಿ ಬಂದವು. ಆ ಸಂಪುಟಗಳಲ್ಲಿ ಇಂದಿಗೂ ಬಳಕೆಗೆ ಬರುವ ಮಾಹಿತಿ ಬಹಳ ಇದೆ. ಆದರೆ ಮೂಗಿನಿಂದ ಮನುಷ್ಯನ ಸ್ಥಾನ ತಿಳಿಯುತ್ತದೆ ಎಂಬ ಮಾತು ಬರೀ ತಪ್ಪಲ್ಲ, ಅನ್ಯಾಯ. ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿದ 1871ರ ಕಾಯ್ದೆ ಜಾರಿಯಲ್ಲಿದ್ದ ಕಾಲ ಅದು. ಗುಣವೆಂಬುದು ರಕ್ತದಲ್ಲಿ ಇಳಿದುಬರುತ್ತದೆ ಎಂಬ ನಂಬಿಕೆಗೆ ಆಡಳಿತದ ಬಲವೂ ಇತ್ತು, ವಿಜ್ಞಾನದ ವೇಷವೂ ಇತ್ತು. ಆ ಪಟ್ಟಿಯಿಂದ ಸಮುದಾಯಗಳು ಬಿಡುಗಡೆ ಹೊಂದಿದ್ದು 1952ರಲ್ಲಿ.

ಇದೇ ನಂಬಿಕೆಯನ್ನು ಅದರ ತವರಿನಲ್ಲೇ ನಿಂತು ಅಲ್ಲಗಳೆದವರು ಇರಾವತಿ ಕರ್ವೆ. 1920ರ ದಶಕದ ಕೊನೆಗೆ ಅವರು ಬರ್ಲಿನ್ನಿನಲ್ಲಿ ಓಯ್ಗೆನ್ ಫಿಷರ್ ಎಂಬ ಪ್ರಾಧ್ಯಾಪಕನ ಕೈಕೆಳಗೆ ತಲೆಬುರುಡೆಗಳ ಮೇಲೆ ಪಿಎಚ್.ಡಿ. ಮಾಡಿದರು. ಬುರುಡೆಯ ಎಡಬಲಗಳ ಅಸಮತೆಗೂ ಜನಾಂಗಕ್ಕೂ ಸಂಬಂಧವಿದೆ ಎಂಬುದು ಗುರುವಿನ ನಿರೀಕ್ಷೆ. ಅಳೆದು ನೋಡಿದರೆ ಅಂಥ ಸಂಬಂಧ ಕಾಣುವುದಿಲ್ಲ ಎಂದು ಶಿಷ್ಯೆ ಬರೆದುಕೊಟ್ಟರು. ಆಗಿನ ಜರ್ಮನಿಯಲ್ಲಿ, ಪರದೇಶದ ವಿದ್ಯಾರ್ಥಿನಿಯೊಬ್ಬಳು ಇಷ್ಟು ಮಾಡಿದ್ದು ದೊಡ್ಡ ಧೈರ್ಯ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದುಕೊಂಡು ಅವರು ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ 1953ರಲ್ಲಿ ಮುಖ್ಯ ಗ್ರಂಥ ಪ್ರಕಟಿಸಿದರು. ಮಹಾಭಾರತದ ಪಾತ್ರಗಳನ್ನು ಕುರಿತ ಅವರ ಮರಾಠಿ ಕೃತಿ ‘ಯುಗಾಂತ’ವನ್ನು ಮಾನವಶಾಸ್ತ್ರದ ಹೆಸರೇ ಕೇಳದವರೂ ಓದಿದ್ದಾರೆ.

ಕನ್ನಡಿಗರು ಅಳತೆಪಟ್ಟಿಯ ಕಾಲದ ಒಬ್ಬರನ್ನು ಬೇರೆ ಕಾರಣಕ್ಕೆ ಬಲ್ಲರು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಜನಾಂಗ ಸರ್ವೇಕ್ಷಣೆಯ ಹೊಣೆಯನ್ನೂ ಹೊತ್ತಿದ್ದರು. ಕಾನೂನು ಓದಿ ನ್ಯಾಯಾಧೀಶರಾಗಿದ್ದ ಅವರು ಒಂದೊಂದು ಜಾತಿಗೂ ಒಂದೊಂದು ಕಿರುಪುಸ್ತಿಕೆ ಹೊರತಂದರು. ಹುಟ್ಟು, ನಾಮಕರಣ, ಮದುವೆ, ಕೂಡಾವಳಿ ಎಂಬ ಮರುಮದುವೆ, ಸಾವು, ಸೂತಕ, ಕುಲದೇವರು, ಬೆಡಗು, ಬಳ್ಳಿ ಎಂಬ ಕುಲಭಾಗಗಳು ಎಲ್ಲವೂ ಅವುಗಳಲ್ಲಿ ದಾಖಲಾದವು. 1920ರಲ್ಲಿ ಅವರು ತೀರಿಕೊಂಡರು. ಕೊಚ್ಚಿಯ ಜಾತಿ ಬುಡಕಟ್ಟುಗಳ ಅಧ್ಯಯನದಿಂದ ಹೆಸರಾಗಿದ್ದ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಸಾಮಗ್ರಿಯನ್ನು ಬೆಳೆಸಿ, ಮೈಸೂರು ವಿಶ್ವವಿದ್ಯಾಲಯದ ಮೂಲಕ 1928ರಿಂದ 1935ರೊಳಗೆ ನಾಲ್ಕು ಸಂಪುಟಗಳನ್ನು ಪ್ರಕಟಿಸಿದರು. ನಂಜುಂಡಯ್ಯನವರ ಈ ಇನ್ನೊಂದು ದುಡಿಮೆಗೆ ಕನ್ನಡದಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ.

ಊರಲ್ಲಿ ಇದ್ದು ನೋಡುವುದು

ಮಾನವಶಾಸ್ತ್ರಜ್ಞರನ್ನು ಉಳಿದ ವಿದ್ವಾಂಸರಿಂದ ಬೇರೆ ಮಾಡುವುದು ಕ್ಷೇತ್ರಕಾರ್ಯ. ಕೇಂಬ್ರಿಡ್ಜಿನ ತಂಡವೊಂದು 1898ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋಯಿತು. ಅದರಲ್ಲಿದ್ದ ವೈದ್ಯ ಡಬ್ಲ್ಯು.ಎಚ್.ಆರ್. ರಿವರ್ಸ್, ಜನರಿಂದ ಅವರವರ ವಂಶವೃಕ್ಷ ಹೇಳಿಸಿ ಬರೆದುಕೊಂಡು ಅದರಿಂದ ಇಡೀ ಸಮಾಜದ ಕಟ್ಟನ್ನು ಓದುವ ವಿಧಾನ ರೂಪಿಸಿದ. ಆ ವಿಧಾನವನ್ನು ಹೊತ್ತುಕೊಂಡು ಅವನು 1901–02ರಲ್ಲಿ ನೀಲಗಿರಿಗೆ ಬಂದ. ಎಮ್ಮೆಗಳ ಸುತ್ತಲೇ ಪೂಜೆ, ಮಡಿ, ಬದುಕು ಎಲ್ಲವನ್ನೂ ಕಟ್ಟಿಕೊಂಡಿದ್ದ ತೊದವರ ಬಗ್ಗೆ 1906ರಲ್ಲಿ ಪುಸ್ತಕ ಬರೆದ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಹೋದ ಬಡಗರು ಆ ತೊದವರ ನೆರೆಯವರು.

ಈ ವಿಧಾನಕ್ಕೆ ಪೂರ್ಣರೂಪ ಕೊಟ್ಟವನು ಪೋಲೆಂಡಿನ ಬ್ರೊನಿಸ್ಲಾ ಮಾಲಿನೋವ್‌ಸ್ಕಿ. ಮೊದಲ ಮಹಾಯುದ್ಧ ಶುರುವಾದಾಗ ಅವನು ಆಸ್ಟ್ರೇಲಿಯಾದಲ್ಲಿದ್ದ. 1915ರಿಂದ 1918ರ ನಡುವೆ ಎರಡು ಸಲ ಟ್ರೊಬ್ರಿಯಾಂಡ್ ದ್ವೀಪಗಳಿಗೆ ಹೋಗಿ, ಊರ ನಡುವೆ ಡೇರೆ ಹಾಕಿ, ದುಭಾಷಿಯ ಹಂಗಿಲ್ಲದೆ ಅವರ ಭಾಷೆಯಲ್ಲೇ ಮಾತಾಡಿ ಟಿಪ್ಪಣಿ ಮಾಡಿಕೊಂಡ. 1922ರಲ್ಲಿ ಬಂದ ಅವನ ಪುಸ್ತಕ, ಚಿಪ್ಪಿನ ಸರ ಮತ್ತು ಕೈಬಳೆಗಳು ದ್ವೀಪದಿಂದ ದ್ವೀಪಕ್ಕೆ ಸುತ್ತುವ ‘ಕುಲಾ’ ಎಂಬ ಕೊಡುಕೊಳ್ಳುವಿಕೆಯನ್ನು ಜಗತ್ತಿಗೆ ತೋರಿಸಿತು. ಜನರ ಜೊತೆ ಬಾಳುತ್ತಲೇ ಅವರನ್ನು ಗಮನಿಸುವ ಈ ಕ್ರಮಕ್ಕೆ ಕನ್ನಡದ ಪಠ್ಯಗಳು ಸಹಭಾಗಿ ಅವಲೋಕನ ಎನ್ನುತ್ತವೆ. ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, 1967ರಲ್ಲಿ, ಅವನ ಖಾಸಗಿ ದಿನಚರಿ ಅಚ್ಚಾಯಿತು. ದ್ವೀಪದವರ ಮೇಲಿನ ಸಿಡಿಮಿಡಿ, ಒಂಟಿತನ, ಬೇಸರ ಎಲ್ಲ ಅದರಲ್ಲಿದ್ದವು. ಅಂದಿನಿಂದ ನೋಡುವವರ ಮನಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅವರು ಬರೆದದ್ದನ್ನು ಓದುವ ಹಾಗಿಲ್ಲ ಎಂಬ ಅರಿವು ಬಂತು.

ಪರದೇಶದ ದ್ವೀಪಕ್ಕೆ ಹೋದವರು ಮಾತ್ರ ಮಾನವಶಾಸ್ತ್ರಜ್ಞರು ಎಂಬ ಭಾವನೆ ಮುರಿದವರಲ್ಲಿ ಮೈಸೂರಿನ ಎಂ.ಎನ್. ಶ್ರೀನಿವಾಸ್ ದೊಡ್ಡವರು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಬಳಿ ಕಲಿತು, 1942ರಲ್ಲಿ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ ಪುಸ್ತಕ ತಂದರು. ಆಮೇಲೆ ಆಕ್ಸ್‌ಫರ್ಡಿಗೆ ಹೋದರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಬಂದ ಅವರ ಗ್ರಂಥದಿಂದಲೇ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಹರಡಿತು. ಕೆಳಗಿನ ಜಾತಿಯವರು ಮೇಲಿನವರ ಆಚಾರ, ಊಟ, ದೇವರುಗಳನ್ನು ತಮ್ಮದಾಗಿಸಿಕೊಂಡು ಮೇಲೇರಲು ನೋಡುವ ಪರಿ ಅದು. ‘ಪ್ರಬಲ ಜಾತಿ’ ಎಂಬುದೂ, ಇಂದು ಪ್ರತಿ ಚುನಾವಣೆಯಲ್ಲೂ ಕಿವಿಗೆ ಬೀಳುವ ‘ವೋಟ್ ಬ್ಯಾಂಕ್’ ಎಂಬುದೂ ಬಳಕೆಗೆ ಬಂದದ್ದು ಅವರ ಬರಹಗಳಿಂದಲೇ.

1948ರಲ್ಲಿ ಅವರು ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು. ಪುಸ್ತಕದಲ್ಲಿ ಅದಕ್ಕೆ ರಾಮಪುರ ಎಂಬ ಬದಲಿ ಹೆಸರು. ಊರಿನ ಮುಖಂಡರು ಕೊಟ್ಟ ಜಾಗ, ಎತ್ತುಗಳನ್ನು ಕಟ್ಟುತ್ತಿದ್ದ ಮನೆ. ಜಗುಲಿಯಲ್ಲಿ ಕೂತರೆ ಊರೇ ಬಂದು ಹೋಗುತ್ತಿತ್ತು. ಭಾಷೆ ಗೊತ್ತಿತ್ತು, ಸೀಮೆ ಗೊತ್ತಿತ್ತು. ಆದರೆ ಬ್ರಾಹ್ಮಣನಾಗಿ, ಮುಖಂಡರ ಅತಿಥಿಯಾಗಿ ಬಂದವರಿಗೆ ದಲಿತರ ಕೇರಿಯ ಬದುಕು ಅಷ್ಟು ಸಲೀಸಾಗಿ ಕಾಣಲಿಲ್ಲ. ಅದನ್ನು ಅವರೇ ಒಪ್ಪಿಕೊಂಡಿದ್ದಾರೆ. ಸ್ವಂತ ಸಮಾಜವನ್ನು ನೋಡುವವರಿಗೂ ಕುರುಡು ಜಾಗಗಳಿರುತ್ತವೆ.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರದಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ವರ್ಷಗಟ್ಟಲೆ ತಿದ್ದಿ ಸಂಸ್ಕರಿಸಿ ಬರೆದಿಟ್ಟಿದ್ದ ಅವರ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ನೆನಪಿನಿಂದಲೇ ಏಕೆ ಬರೆಯಬಾರದು ಎಂದು ಸಹೋದ್ಯೋಗಿ ಸೋಲ್ ಟ್ಯಾಕ್ಸ್ ಸಲಹೆ ಕೊಟ್ಟರು. ಹಾಗೆ ಹುಟ್ಟಿ 1976ರಲ್ಲಿ ಪ್ರಕಟವಾದದ್ದು ‘ದಿ ರಿಮೆಂಬರ್ಡ್ ವಿಲೇಜ್’. ಅಂಕಿಅಂಶಗಳ ಬದಲು ಊರಿನ ಮನುಷ್ಯರು, ಅವರ ಗತ್ತು, ಜಗಳ, ಸ್ನೇಹಗಳೇ ಆ ಪುಸ್ತಕದ ಜೀವಾಳ. ವಿಜ್ಞಾನವೋ ಸಾಹಿತ್ಯವೋ ಎಂಬ ಪ್ರಶ್ನೆ ಅದರ ಸುತ್ತ ಎದ್ದಿತು. ಮಾನವಶಾಸ್ತ್ರಜ್ಞರ ಒಳ್ಳೆಯ ಬರಹ ಎರಡೂ ಆಗಿರಬಲ್ಲದು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಉದಾಹರಣೆ ಬೇಕಿಲ್ಲ.

ಹೊರಗಿನವರು ಕನ್ನಡದ ಹಳ್ಳಿಗಳನ್ನು ನೋಡಿದ ರೀತಿಯೂ ಕಡಿಮೆಯದಲ್ಲ. ಅಲನ್ ಬೀಲ್ಸ್ ಉತ್ತರ ಕರ್ನಾಟಕದ ಹಳ್ಳಿಯೊಂದನ್ನು ಗೋಪಾಲಪುರ ಎಂಬ ಹೆಸರಿನಲ್ಲಿ 1962ರಲ್ಲಿ ಚಿತ್ರಿಸಿದರು. ಅದೇ ವರ್ಷ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ ಮಂಡ್ಯದ ಅಧ್ಯಯನ ಬಂತು. ವಿಯೆನ್ನಾದಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ಕಲಿತ ಅವರು 1954ರಿಂದ 56ರವರೆಗೆ ಮಂಡ್ಯದ ಬಳಿ ಎರಡು ಹಳ್ಳಿಗಳಲ್ಲಿದ್ದರು. ಅವಕ್ಕೆ ಇಟ್ಟ ಬದಲಿ ಹೆಸರು ವಾಂಗಳ ಮತ್ತು ದಾಲೇನ. ವಾಂಗಳಕ್ಕೆ ನಾಲೆ ನೀರು ಬಂತು, ಕಬ್ಬು ಬಂತು, ದುಡ್ಡು ಬಂತು. ಆದರೆ ಊರಿನ ಒಳಕಟ್ಟು ಹೆಚ್ಚು ಕದಲಲಿಲ್ಲ. ಗೌಡ ಗೌಡನಾಗಿಯೇ ಇದ್ದ, ಆಳುಮಗನ ಕುಟುಂಬ ಅದೇ ಮನೆಯ ಕೆಲಸದಲ್ಲೇ ಇತ್ತು. ದಾಲೇನದ ಹೊಲಗಳು ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ಆ ಊರಿನವರು ಸುತ್ತಲ ನೀರಾವರಿಯಿಂದ ಬೆಳೆಯುತ್ತಿದ್ದ ಪೇಟೆಯ ಕಡೆ ಮುಖಮಾಡಿದರು. ಸಕ್ಕರೆ ಕಾರ್ಖಾನೆ, ವ್ಯಾಪಾರ, ಗಾಡಿ, ಗುತ್ತಿಗೆ ಎಂದು ಹೊರಗೆ ದುಡಿಯತೊಡಗಿದಂತೆ ಊರೊಳಗಿನ ಹಳೆಯ ಯಜಮಾನಿಕೆ, ಆಳು ಒಡೆಯರ ಕಟ್ಟು ಎಲ್ಲ ಸಡಿಲವಾದವು. ನೀರು ಬಂದ ಊರು ಹಾಗೆಯೇ ಉಳಿಯಿತು, ಬಾರದ ಊರು ಬದಲಾಯಿತು. ಹಳ್ಳಿಯಲ್ಲಿ ಎರಡು ವರ್ಷ ಇದ್ದವರಿಗಲ್ಲದೆ ಕಚೇರಿಯ ಕಡತಕ್ಕೆ ಇದು ಸಿಕ್ಕುತ್ತಿರಲಿಲ್ಲ. 1970ರಲ್ಲಿ ಅವರು ಮತ್ತೆ ಅದೇ ಹಳ್ಳಿಗಳಿಗೆ ಬಂದು ಮುಂದಿನ ಕಥೆ ಬರೆದರು.

ಅತ್ತೆ, ಮಾವ, ಅಳಿಯ, ಸೊಸೆ

ಮಾನವಶಾಸ್ತ್ರಜ್ಞರು ಯಾವುದನ್ನು ಅಷ್ಟು ಹೊತ್ತು ನೋಡುತ್ತಾರೆ ಎಂದು ತಿಳಿಯಲು ಕನ್ನಡದ ಮನೆಮಾತೇ ಸಾಕು. ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಇಬ್ಬರಲ್ಲೂ ಅಪ್ಪ ಇದ್ದಾನೆ. ಅಮ್ಮನ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಇವರ ಮಕ್ಕಳೆಲ್ಲ ಅಣ್ಣ ತಮ್ಮ, ಅಕ್ಕ ತಂಗಿಯರು, ಮದುವೆಗೆ ಸಲ್ಲದವರು. ಆದರೆ ಅಪ್ಪನ ಒಡಹುಟ್ಟಿದವಳು ಅಮ್ಮನಲ್ಲ, ಅತ್ತೆ. ಅಮ್ಮನ ಒಡಹುಟ್ಟಿದವನು ಅಪ್ಪನಲ್ಲ, ಮಾವ. ಇವರ ಮಕ್ಕಳು ಬೇರೆ ಸಾಲಿಗೆ ಸೇರುತ್ತಾರೆ. ಹಲವು ಸಮುದಾಯಗಳಲ್ಲಿ ಅವರನ್ನು ಮದುವೆಯಾಗಬಹುದು. ಹಾಗಾಗಿಯೇ ಗಂಡನ ತಾಯಿಯೂ ಅತ್ತೆ, ಹೆಂಡತಿಯ ತಂದೆಯೂ ಮಾವ. ಗಂಡಸಿಗೆ ಅಕ್ಕತಂಗಿಯ ಮಗ ಸೋದರಳಿಯ, ಮಗಳ ಗಂಡನೂ ಅಳಿಯ. ಅಕ್ಕತಂಗಿಯ ಮಗಳು ಸೋದರಸೊಸೆ, ಮಗನ ಹೆಂಡತಿಯೂ ಸೊಸೆ. ಮದುವೆಯ ನಿಯಮವನ್ನು ಯಾರೂ ಬರೆದಿಡಬೇಕಾಗಿಲ್ಲ. ಮಗು ಕರೆಯಲು ಕಲಿಯುವ ಮೊದಲ ಹತ್ತಿಪ್ಪತ್ತು ಪದಗಳಲ್ಲೇ ಅದು ಅಡಗಿದೆ. ಕರಾವಳಿಯ ಅಳಿಯಸಂತಾನದಲ್ಲಿ ಆಸ್ತಿಯೂ ಇದೇ ಪದದ ದಾರಿ ಹಿಡಿದು ಮಾವನಿಂದ ಸೋದರಳಿಯನಿಗೆ ಇಳಿಯುತ್ತಿತ್ತು.

ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಲೋಕದ ಅನೇಕ ಭಾಷೆಗಳ ಬಂಧುವಾಚಕಗಳ ಪಟ್ಟಿ ಪ್ರಕಟಿಸಿದ. ತಮಿಳು, ತೆಲುಗಿನ ಪಕ್ಕದಲ್ಲೇ ಕನ್ನಡದ ಪದಗಳೂ ಅದರಲ್ಲಿವೆ. ನ್ಯೂಯಾರ್ಕ್ ಸೀಮೆಯ ಸೆನೆಕಾ ಬುಡಕಟ್ಟಿನವರೂ ಅಪ್ಪನ ಸೋದರನನ್ನು ಅಪ್ಪನ ಪದದಿಂದಲೇ ಕರೆಯುವುದನ್ನು ಕಂಡು, ಎರಡಕ್ಕೂ ಒಂದೇ ಮೂಲ ಇರಬೇಕೆಂದು ಅವನು ಭಾವಿಸಿದ. ಆ ಊಹೆ ನಿಲ್ಲಲಿಲ್ಲ. ಆದರೆ ನೆಂಟಸ್ತಿಕೆಯ ಪದಗಳ ಹಿಂದೆ ಒಂದು ವ್ಯವಸ್ಥೆ ಇದೆ ಎಂಬ ಅವನ ಕಾಣ್ಕೆ ನಿಂತಿತು. ‘ದ್ರಾವಿಡ ಬಂಧುತ್ವ’ ಎಂಬುದು ಮಾನವಶಾಸ್ತ್ರದ ಯಾವ ಪಠ್ಯಪುಸ್ತಕದಲ್ಲೂ ಸಿಗುವ ಪಾರಿಭಾಷಿಕ ಪದವಾಯಿತು.

ಹೆಸರಿನ ಬಳಕೆ

ಕನ್ನಡದ ಪತ್ರಿಕೆ, ಪಠ್ಯಗಳಲ್ಲಿ ಮಾನವಶಾಸ್ತ್ರಜ್ಞ, ಮಾನವ ವಿಜ್ಞಾನಿ ಎರಡೂ ನಡೆಯುತ್ತವೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಎರಡನೆಯದು ಹೆಚ್ಚು ಒಪ್ಪುತ್ತದೆ. ಹೆಣ್ಣಾದರೆ ಮಾನವಶಾಸ್ತ್ರಜ್ಞೆ ಎನ್ನುವುದುಂಟು. ಗೌರವದ ಬಹುವಚನ ಮಾನವಶಾಸ್ತ್ರಜ್ಞರು ಎಂದರೆ ಇಬ್ಬರಿಗೂ ಸಲ್ಲುತ್ತದೆ, ಈಗಿನ ಬರಹದಲ್ಲಿ ಅದೇ ಚೆನ್ನ. ಸಮಾಸವಾದ್ದರಿಂದ ಒಂದೇ ಪದವಾಗಿ ಬರೆಯುವುದು ಸರಿ. ವಿಶೇಷಣ ಮಾನವಶಾಸ್ತ್ರೀಯ. ಮಾನವಿಕ ಶಾಸ್ತ್ರಗಳು ಎಂದರೆ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳ ಗುಂಪು. ಮಾನವತಾವಾದಿ ಎನ್ನುವುದು ಒಂದು ನಿಲುವಿನ ಹೆಸರು. ಇವೆರಡೂ ಮಾನವಶಾಸ್ತ್ರದ ಜೊತೆ ಕಲಸಿಹೋಗುವುದು ಆಗಾಗ ಕಾಣುತ್ತದೆ.

ಸಮಾಜಶಾಸ್ತ್ರಜ್ಞರು ಮತ್ತು ಮಾನವಶಾಸ್ತ್ರಜ್ಞರ ನಡುವಿನ ಗೆರೆ ಯುರೋಪಿನಲ್ಲಿ ಎಳೆದದ್ದು: ತಮ್ಮ ಸಮಾಜವನ್ನು ನೋಡಿದರೆ ಮೊದಲನೆಯದು, ದೂರದವರನ್ನು ನೋಡಿದರೆ ಎರಡನೆಯದು. ಭಾರತದಲ್ಲಿ ಆ ಗೆರೆಗೆ ಅರ್ಥವಿಲ್ಲ ಎಂದು ಶ್ರೀನಿವಾಸ್ ವಾದಿಸುತ್ತಲೇ ಬಂದರು. ಅವರು ಕಟ್ಟಿದ ದೆಹಲಿಯ ವಿಭಾಗದ ಹೆಸರು ಸಮಾಜಶಾಸ್ತ್ರ, ಅವರ ವಿಧಾನ ಮಾನವಶಾಸ್ತ್ರ. ಜಾನಪದ ವಿದ್ವಾಂಸರೊಂದಿಗಿನ ವ್ಯತ್ಯಾಸ ಇನ್ನೂ ನವಿರಾದದ್ದು. ಸಿರಿ ಎಂಬ ದೈವದ ಕಥೆಯನ್ನು ಹಾಡುವ ತುಳುನಾಡಿನ ಪಾಡ್ದನವನ್ನು ಜಾನಪದದವರು ಪಠ್ಯವಾಗಿ, ಹಾಡಿನ ಕಟ್ಟಾಗಿ ಮೊದಲು ನೋಡುತ್ತಾರೆ. ಅದೇ ಸಿರಿಯ ಆರಾಧನೆಯಲ್ಲಿ ಮೈಮೇಲೆ ಬರುವ ಹೆಂಗಸರು ಯಾವ ಮನೆಯವರು, ಯಾವ ಸಂಕಟದಲ್ಲಿದ್ದವರು, ಆವೇಶದ ಮೇಲೆ ಅವರ ಸ್ಥಾನ ಹೇಗೆ ಬದಲಾಗುತ್ತದೆ ಎಂಬುದು ಮಾನವಶಾಸ್ತ್ರಜ್ಞರ ಕುತೂಹಲ. ಅಮೆರಿಕದ ಪೀಟರ್ ಕ್ಲಾಸ್ ತುಳುನಾಡಿನಲ್ಲಿ ಎರಡನ್ನೂ ಕೂಡಿಸಿ ಕೆಲಸ ಮಾಡಿದವರು.

ಸಾಮಾನ್ಯ ಓದುಗರು ಈ ವೃತ್ತಿಯ ಹೆಸರನ್ನು ಹೆಚ್ಚಾಗಿ ಕಾಣುವುದು ‘ಕುಲಶಾಸ್ತ್ರೀಯ ಅಧ್ಯಯನ’ದ ಸುದ್ದಿಗಳಲ್ಲಿ. ಕುರುಬ, ಕಾಡುಗೊಲ್ಲ ಮೊದಲಾದ ಸಮುದಾಯಗಳು ತಮ್ಮನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂದು ಕೇಳಿದಾಗ ಇಂಥ ಅಧ್ಯಯನ ಬೇಕಾಗುತ್ತದೆ. ವರದಿ ರಾಜ್ಯದ ಶಿಫಾರಸಿನೊಂದಿಗೆ ಕೇಂದ್ರಕ್ಕೆ, ಅಲ್ಲಿಂದ ಭಾರತದ ಮಹಾ ರಿಜಿಸ್ಟ್ರಾರ್ ಬಳಿಗೆ, ಪರಿಶಿಷ್ಟ ಪಂಗಡಗಳ ಆಯೋಗಕ್ಕೆ ಹೋಗಿ, ಒಪ್ಪಿಗೆ ಸಿಕ್ಕರೆ ಸಂಸತ್ತಿಗೆ ಬರುತ್ತದೆ. ತೂಗುವ ತಕ್ಕಡಿ 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಇತರರೊಂದಿಗೆ ಬೆರೆಯಲು ಹಿಂಜರಿಕೆ, ಹಿಂದುಳಿದಿರುವಿಕೆ. ಇವು ಅರವತ್ತು ವರ್ಷದ ಹಿಂದಿನ ಮಾತುಗಳು. ಹಟ್ಟಿಗೆ ರಸ್ತೆ ಬಂದಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ ಎಂದರೆ ಹಕ್ಕಿಗೇ ಕುತ್ತು ಬರಬಹುದೆಂಬ ಅಂಜಿಕೆ ಜನರಲ್ಲಿ ಮೂಡುತ್ತದೆ. ಮಾನವಶಾಸ್ತ್ರ ತನ್ನ ಒಳಗೆ ಎಂದೋ ಕೈಬಿಟ್ಟ ‘ಆದಿಮ’ ಎಂಬ ಅಳತೆಗೋಲನ್ನು ಸರ್ಕಾರದ ಕೆಲಸಕ್ಕಾಗಿ ಮತ್ತೆ ಕೈಗೆತ್ತಿಕೊಳ್ಳಬೇಕಾದ ಇಕ್ಕಟ್ಟು ಇಲ್ಲಿದೆ, ಮತ್ತು ಅದು ಬದಲಾಗಬೇಕಾದದ್ದು.

ಸರ್ಕಾರದ ಸೇವೆಯಲ್ಲಿ ಈ ಹೆಸರು ಹೊತ್ತವರು ಹೆಚ್ಚಾಗಿ ಇರುವುದು ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯಲ್ಲಿ. 1945ರ ಡಿಸೆಂಬರಿನಲ್ಲಿ ಅದು ಶುರುವಾಯಿತು, ಬಿ.ಎಸ್. ಗುಹಾ ಅದರ ಮೊದಲ ನಿರ್ದೇಶಕರು. ಅದರ ದಕ್ಷಿಣ ವಲಯದ ಕೇಂದ್ರ ಮೈಸೂರಿನಲ್ಲಿದೆ. ಕೆ.ಎಸ್. ಸಿಂಗ್ ಅವರ ನೇತೃತ್ವದಲ್ಲಿ 1985ರಲ್ಲಿ ಕೈಗೊಂಡ ‘ಪೀಪಲ್ ಆಫ್ ಇಂಡಿಯಾ’ ಯೋಜನೆ ದೇಶದ 4,635 ಸಮುದಾಯಗಳನ್ನು ದಾಖಲಿಸಿತು. ಇದೇ ಸಂಸ್ಥೆಯ ಮಧುಮಾಲಾ ಚಟ್ಟೋಪಾಧ್ಯಾಯ 1991ರ ಜನವರಿ 4ರಂದು ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋದ ತಂಡದಲ್ಲಿದ್ದರು. ಹೊರಗಿನವರನ್ನು ಬಾಣದಿಂದಲೇ ಎದುರಿಸುತ್ತಿದ್ದ ಜನ ಅಂದು ನೀರಿಗಿಳಿದು ಬಂದರು. ತೇಲಿಬಿಟ್ಟ ತೆಂಗಿನಕಾಯಿಗಳನ್ನು ಮೊದಲು ಹೆಕ್ಕಿಕೊಂಡು, ಆಮೇಲೆ ಕೈಯಿಂದಲೇ ತೆಗೆದುಕೊಂಡರು. ಕೆಲವೇ ವರ್ಷಗಳಲ್ಲಿ ಸರ್ಕಾರ ಇಂಥ ಭೇಟಿಗಳನ್ನು ನಿಲ್ಲಿಸಿತು. ಹೊರಗಿನ ರೋಗಗಳನ್ನು ತಾಳುವ ಶಕ್ತಿ ಅವರಿಗಿಲ್ಲ, ಅವರ ಪಾಡಿಗೆ ಅವರನ್ನು ಬಿಡುವುದೇ ಸರಿ ಎಂಬುದು ಈಗಿನ ನೀತಿ.

ಈ ಹೆಸರಿಗೆ ಪದವಿಯೇ ಬೇಕೆಂದಿಲ್ಲ ಎಂಬುದನ್ನು ಚರಿತ್ರೆ ಹೇಳುತ್ತದೆ. ಮಾರ್ಗನ್ ವಕೀಲ, ಮುಂಡರ ಬಗ್ಗೆ 1912ರಲ್ಲಿ ಬರೆದ ರಾಂಚಿಯ ಶರತ್‌ಚಂದ್ರ ರಾಯ್ ಕೂಡ ವಕೀಲ, ವೆರಿಯರ್ ಎಲ್ವಿನ್ ಪಾದ್ರಿಯಾಗಿ ಬಂದು, ಬೈಗಾ ಜನರ ನಡುವೆ ಬಾಳಿ, ಮಾನವಶಾಸ್ತ್ರಜ್ಞರಾದವರು. ಇಂದು ಧಾರವಾಡ, ಮೈಸೂರುಗಳ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಕಲಿಕೆ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವಿದೆ.

ಹಿಂದೆ ಬರೀ ಮಾಹಿತಿದಾರರು ಎನಿಸಿಕೊಂಡಿದ್ದವರೇ ಈಗ ಅಧ್ಯಯನದ ಒಳಗೆ ಬಂದಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ‘ಎಲ್ಲೆ’ ಇದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳಿವೆ. ಕಾಡು ಅಭಯಾರಣ್ಯವಾಗಿ, ಜನರನ್ನು ಪೋಡು ಎಂಬ ಹಾಡಿಗಳಲ್ಲಿ ನೆಲೆಗೊಳಿಸಿದ ಮೇಲೆ ಎಷ್ಟೋ ತಾಣಗಳಿಗೆ ಹೋಗಿ ಪೂಜೆ ಮಾಡುವುದೂ ಕಷ್ಟವಾಗಿತ್ತು. ಹಿರಿಯರು ಕಾಡಿನಲ್ಲಿ ನಡೆದು ಒಂದೊಂದನ್ನೇ ತೋರಿಸಿದರು, ಸಂಶೋಧಕರು ಜೊತೆಗಿದ್ದು ಗುರುತು ಹಾಕಿಕೊಂಡರು; ನೂರಾರು ತಾಣಗಳ ನಕ್ಷೆ ಸಿದ್ಧವಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರಗಳು ಸಿಕ್ಕವು. ನಕ್ಷೆಯಲ್ಲಿ ಆ ತಾಣಗಳಿಗಿರುವುದು ಸೋಲಿಗರು ತಮ್ಮ ಮಾತಿನಲ್ಲಿ ಕರೆಯುವ ಹೆಸರುಗಳೇ.